ಕಥೆ ಕೇಳಿದ ಮಕ್ಕಳು ಬಿಡುವಿನಲ್ಲಿ ಯಾಕೆ ಸುಮ್ಮನಿರುತ್ತಾರೆ?

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. 34 ಮಕ್ಕಳಿದ್ದಾರೆ. ಒಬ್ಬ ಹುಡುಗನಿಗೆ ಮಾತಿನಲ್ಲಿ ಉಗ್ಗು ಇದೆ. ಮೂರ್ನಾಲ್ಕು ಮಂದಿ ಅವನನ್ನು ಅಣಕಿಸುತ್ತಾರೆ, ಉಳಿದವರು ನಗುತ್ತಾರೆ ಇಲ್ಲವೇ ನೋಡುತ್ತ ನಿಲ್ಲುತ್ತಾರೆ. ಶಾಲೆಯ ಗ್ರಂಥಾಲಯದಿಂದ ಒಳ್ಳೆಯ ಕಥೆಪುಸ್ತಕಗಳನ್ನು ತಂದು ಓದಿದೆ. ‘ಯಾರನ್ನೂ ಅಣಕಿಸಬಾರದು, ಕಷ್ಟದಲ್ಲಿರುವವರ ಪರ ನಿಲ್ಲಬೇಕು’ ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಅದೇ ದಿನ ಬಿಸಿಯೂಟದ ಸಾಲಿನಲ್ಲಿ ಮತ್ತೆ ಅದೇ ಅಣಕ, ಅದೇ ನಗು. ಕಥೆಯಿಂದ ಇದನ್ನು ಕಲಿಸಲು ಆಗುತ್ತದೆಯೇ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕಲಿಸಬಹುದು. ಮೊದಲು ಒಂದು ಮಾತು: ನಿಮ್ಮ ಮಕ್ಕಳು ಸುಳ್ಳು ಹೇಳುತ್ತಿಲ್ಲ. ಅಣಕಿಸಬಾರದೆಂದು ಅವರಿಗೆ ನಿಜವಾಗಿಯೂ ಗೊತ್ತು. ಆದರೆ ಆ ಹುಡುಗನ ಮಾತು ತಡೆದು, ಯಾರೋ ಅದನ್ನು ಅಣಕಿಸಿ, ಸುತ್ತಲೂ ನಗು ಎದ್ದಾಗ ತಾನು ಏನು ಹೇಳಬೇಕು, ಎಲ್ಲಿ ಹೋಗಿ ನಿಲ್ಲಬೇಕು ಎಂಬುದು ಗೊತ್ತಿಲ್ಲ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕಥೆ ಮುಗಿಯುತ್ತಲೇ ‘ಈ ಕಥೆಯ ನೀತಿ ಏನು?’ ಎಂದು ಕೇಳುವುದು ನಮ್ಮ ಶಾಲೆಗಳ ಹಳೆಯ ರೂಢಿ. ಐದನೇ ತರಗತಿಗೆ ಬರುವಷ್ಟರಲ್ಲಿ ಮಕ್ಕಳು ಈ ಪ್ರಶ್ನೆಗೆ ಎಷ್ಟು ಪಳಗಿರುತ್ತಾರೆಂದರೆ, ಅರ್ಧ ಕಥೆ ಕೇಳಿದರೂ ಸರಿಯಾದ ನೀತಿ ಹೇಳಿಬಿಡುತ್ತಾರೆ. ಟೀಚರಿಗೆ ಬೇಕಾದ ಉತ್ತರ ಕೊಟ್ಟಾಯಿತು, ಪುಸ್ತಕ ಮುಚ್ಚಿದರು, ಕಥೆಯೂ ಅಲ್ಲಿಗೆ ಮುಗಿಯಿತು.

ಕೆನಡಾದ ಶಾಲೆಗಳ ಆಟದ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕಾಟ ಕೊಡುವ ಪ್ರಸಂಗಗಳಲ್ಲಿ ಶೇ. 88ರಷ್ಟು ಬೇರೆ ಮಕ್ಕಳ ಕಣ್ಣೆದುರೇ ನಡೆದಿದ್ದವು. ಯಾರಾದರೂ ಮಧ್ಯೆ ಬಂದದ್ದು ಶೇ. 19ರಷ್ಟರಲ್ಲಿ ಮಾತ್ರ. ಆದರೆ ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ. 57ರಷ್ಟು, ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತ್ತು. ನೀವು ಕಲಿಸಬೇಕಾದದ್ದು ಈ ಹತ್ತು ಸೆಕೆಂಡಿನ ಕೆಲಸವನ್ನು. ಅದಕ್ಕೆ ಮಹಾಧೈರ್ಯ ಬೇಡ. ಒಂದು ಸಣ್ಣ ವಾಕ್ಯ ಬೇಕು, ಅದನ್ನು ಮೊದಲೇ ಬಾಯಲ್ಲಿ ಆಡಿ ನೋಡಿರಬೇಕು.

ಎಲ್ಲರಿಗೂ ಗೊತ್ತಿರುವ ಹಾಡಿನಿಂದ ಶುರು ಮಾಡಿ

ಹೊಸ ಪುಸ್ತಕ ಹುಡುಕುವ ಮೊದಲು ಗೋವಿನ ಹಾಡನ್ನು ಕೈಗೆತ್ತಿಕೊಳ್ಳಿ. ಸತ್ಯ, ಕೊಟ್ಟ ಮಾತು, ತಾಯಿಯ ತ್ಯಾಗ ಎಂದು ನೂರು ಸಲ ಅದನ್ನು ಪಾಠ ಮಾಡಿದ್ದೇವೆ. ಹುಲಿಯ ಬಳಿಗೆ ಹಿಂದಿರುಗುವ ಮುನ್ನ ಪುಣ್ಯಕೋಟಿ ದೊಡ್ಡಿಯ ಉಳಿದ ಹಸುಗಳನ್ನು ಅಕ್ಕ, ಅಮ್ಮ ಎಂದು ಕರೆದು ಬೇಡಿಕೊಳ್ಳುವ ಭಾಗ ನೆನಪಿದೆಯಲ್ಲ? ತಬ್ಬಲಿಯಾಗುವ ಕರು ಎದುರಿಗೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಕಂದ ಎಂದು ನೋಡಿಕೊಳ್ಳಿ ಎನ್ನುತ್ತಾಳೆ. ಹಿಂಡಿನಲ್ಲಿ ದಿಕ್ಕಿಲ್ಲದ ಕರುವಿಗೆ ಏನು ಕಾದಿರುತ್ತದೆಂದು ಆ ತಾಯಿಗೆ ಚೆನ್ನಾಗಿ ಗೊತ್ತು. ಕಡೆಗೆ ಹುಲಿಯೇ ಪ್ರಾಣ ಬಿಡುತ್ತದೆ, ತಾಯಿ ಮರಳುತ್ತಾಳೆ. ಹೀಗಾಗಿ ಆ ಹಸುಗಳು ತಬ್ಬಲಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದವು ಎಂಬ ಪರೀಕ್ಷೆಯ ದಿನ ಹಾಡಿನಲ್ಲಿ ಬರುವುದೇ ಇಲ್ಲ.

ನಿಮ್ಮ ಪಾಠ ಶುರುವಾಗಬೇಕಾದದ್ದು ಅಲ್ಲಿಂದ. ಮಕ್ಕಳಿಗೆ ಹೀಗೆ ಕೇಳಿ: ಪುಣ್ಯಕೋಟಿ ಬರಲಿಲ್ಲ ಎಂದಿಟ್ಟುಕೊಳ್ಳಿ. ಮೂರನೇ ದಿನ ಮೇವಿನ ಹತ್ತಿರ ಒಂದು ಹಸು ಕರುವನ್ನು ಕೊಂಬಿನಿಂದ ತಳ್ಳಿತು. ಅಲ್ಲಿ ಇನ್ನೂ ಹತ್ತು ಹಸುಗಳಿವೆ. ಅವು ಆಗ ಏನು ಮಾಡುತ್ತಿದ್ದವು? ‘ಏನು ಮಾಡಬೇಕಿತ್ತು’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಮತ್ತೆ ನೀತಿಯೇ ಬರುತ್ತದೆ. ‘ಏನು ಮಾಡುತ್ತಿದ್ದವು’ ಎಂದು ಕೇಳಿದರೆ ಮಕ್ಕಳು ತಾವು ಕಂಡದ್ದನ್ನು ಹೇಳುತ್ತಾರೆ: ಒಂದು ಮೇವು ತಿನ್ನುತ್ತಲೇ ಇತ್ತು, ಒಂದು ತಾನೂ ತಳ್ಳಿತು, ಒಂದು ಹೆದರಿ ಹಿಂದೆ ಸರಿಯಿತು, ಒಂದಕ್ಕೆ ಆ ಕರು ಅಂದರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಬಂದ ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ, ಯಾವುದಕ್ಕೂ ‘ಛೆ, ತಪ್ಪು’ ಎನ್ನಬೇಡಿ.

ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ಗುರುತಿಸಿದ ಪಾತ್ರಗಳು ನಿಮ್ಮ ಬೋರ್ಡಿನ ಮೇಲೆ ತಾವಾಗಿಯೇ ಮೂಡಿರುತ್ತವೆ. ಕಾಟ ಕೊಡುವವರು ಮತ್ತು ಕಾಟಕ್ಕೆ ಒಳಗಾದವರಲ್ಲದೆ ಅವರು ನಾಲ್ಕು ಬಗೆಯವರನ್ನು ಕಂಡಿದ್ದರು: ಕೈ ಸೇರಿಸುವವರು, ನಕ್ಕು ಹುರಿದುಂಬಿಸುವವರು, ತನಗೆ ಸಂಬಂಧವಿಲ್ಲ ಎಂದು ದೂರ ಇರುವವರು, ಪರ ನಿಲ್ಲುವವರು. ಆ ದೇಶದ ಶಾಲೆಗಳಿಗಾಗಿ ಟುರ್ಕು ವಿಶ್ವವಿದ್ಯಾಲಯ ರೂಪಿಸಿದ, ಕಾಟ ತಡೆಯುವ ಕಿವಾ ಎಂಬ ಕಾರ್ಯಕ್ರಮ ನಿಂತಿರುವುದೂ ಈ ತಿಳಿವಿನ ಮೇಲೆಯೇ. ಕಾಟ ಕೊಡುವವನನ್ನು ತಿದ್ದುವುದರ ಜೊತೆಗೆ ಅವನ ಪ್ರೇಕ್ಷಕರನ್ನೂ ಬದಲಿಸಬೇಕು, ಏಕೆಂದರೆ ನಗುವವರಿಲ್ಲದೆ ಅಣಕಕ್ಕೆ ರುಚಿಯಿಲ್ಲ. ಒಂದು ಎಚ್ಚರ: ಈ ಹೆಸರುಗಳನ್ನು ಕಥೆಯ ಪಾತ್ರಗಳಿಗೆ ಮಾತ್ರ ಹಚ್ಚಿ. ‘ನಮ್ಮ ಕ್ಲಾಸಿನಲ್ಲಿ ನಕ್ಕು ಹುರಿದುಂಬಿಸುವವರು ಯಾರು?’ ಎಂದು ಒಂದೇ ಒಂದು ಸಲ ಕೇಳಿದರೂ ಮಕ್ಕಳು ಬಾಯಿ ಮುಚ್ಚುತ್ತಾರೆ. ಅದೇ ಮಗು ಸೋಮವಾರ ನಕ್ಕಿರಬಹುದು, ಬುಧವಾರ ಬೇರೊಬ್ಬರ ಪರ ನಿಂತಿರಬಹುದು.

ಪುಸ್ತಕದ ಆಯ್ಕೆ

ಹಸು, ಹುಲಿ ಸಾಕಾದ ಮೇಲೆ ಮನುಷ್ಯರ ಕಥೆಗೆ ಬನ್ನಿ. ಟೊರಾಂಟೊ ವಿಶ್ವವಿದ್ಯಾಲಯದವರು 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಬಗೆಗಿನ ಒಂದೇ ಕಥೆಯನ್ನು ಎರಡು ರೂಪದಲ್ಲಿ ಓದಿಸಿದ್ದರು. ಒಂದರಲ್ಲಿ ಪಾತ್ರಗಳು ಬಟ್ಟೆ ತೊಟ್ಟ ಪ್ರಾಣಿಗಳು, ಇನ್ನೊಂದರಲ್ಲಿ ಮನುಷ್ಯರು. ಮನುಷ್ಯರ ಕಥೆ ಕೇಳಿದ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಮೊದಲಿಗಿಂತ ಹೆಚ್ಚು ಹಂಚಿಕೊಂಡರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಇದು 2017ರ ಅಧ್ಯಯನ. ಪಂಚತಂತ್ರದ ನಾಡಿನಲ್ಲಿ ಪ್ರಾಣಿಕಥೆ ಬೇಡವೆನ್ನುವುದು ಯಾರಿಗೂ ಹಿಡಿಸದು, ಬೇಡವೆನ್ನಬೇಕಾಗಿಯೂ ಇಲ್ಲ. ಕಷ್ಟದ ವಿಷಯವನ್ನು ಹೆದರಿಕೆಯಿಲ್ಲದೆ ಮೊದಲ ಸಲ ಮಾತಾಡುವುದಕ್ಕೆ ಪ್ರಾಣಿಗಳು ಒಳ್ಳೆಯ ಮರೆ. ಆದರೆ ಅಲ್ಲಿಯೇ ನಿಂತರೆ ಮಗು ಅದನ್ನು ತನ್ನ ಬದುಕಿಗೆ ತಂದುಕೊಳ್ಳುವುದಿಲ್ಲ.

ಇದೇ ಬಗೆಯ ಇನ್ನೊಂದು ಸಂಗತಿ 2014ರಲ್ಲಿ ಹೊರಬಂತು. ಸುಳ್ಳು ಹೇಳಿದವನಿಗೆ ಕೇಡಾಗುವ ಕಥೆ, ಅಂದರೆ ‘ತೋಳ ಬಂತು ತೋಳ’ದಂಥದು, 3ರಿಂದ 7 ವರ್ಷದ ಮಕ್ಕಳ ಸುಳ್ಳನ್ನು ಕಡಿಮೆ ಮಾಡಲಿಲ್ಲ. ನಿಜ ಹೇಳಿದ ಹುಡುಗನನ್ನು ತಂದೆ ಮೆಚ್ಚಿಕೊಳ್ಳುವ ಕಥೆ ಕಡಿಮೆ ಮಾಡಿತು. ಅದು ಸುಳ್ಳಿನ ಕುರಿತ ಪ್ರಯೋಗ, ನಿಜ. ಆದರೂ ಪುಸ್ತಕದ ಕಪಾಟಿನ ಮುಂದೆ ನಿಂತಾಗ ನೆನಪಿಡಬೇಕಾದದ್ದು. ಕಾಟ ಕೊಟ್ಟವನು ಕೆಸರಿಗೆ ಬಿದ್ದು ಎಲ್ಲರೂ ನಗುವ ಕಥೆಗಳು ನಮ್ಮಲ್ಲಿ ಬಹಳ ಇವೆ. ಅವು ಕಲಿಸುವುದು ಗುರಿ ಬದಲಿಸಿ ನಗುವುದನ್ನು. ಪರ ನಿಂತವಳಿಗೆ ಏನೂ ಕೆಟ್ಟದಾಗಲಿಲ್ಲ, ಒಬ್ಬ ಗೆಳತಿ ಸಿಕ್ಕಳು ಎಂಬ ಕಥೆ ಬೇಕು.

ಇನ್ನು ಮೂರು ಅಂಶ ನೋಡಿಕೊಳ್ಳಿ. ಪುಟಗಳಲ್ಲಿ ನೋಡುತ್ತ ನಿಂತವರು ಕಾಣಬೇಕು. ಬರೀ ಒಬ್ಬ ಕೆಟ್ಟವ, ಒಬ್ಬ ಪಾಪದವ ಇರುವ ಪುಸ್ತಕದಲ್ಲಿ ನಿಮ್ಮ ಮೂವತ್ತು ಮಕ್ಕಳಿಗೆ ಜಾಗವಿಲ್ಲ. ಸಮಸ್ಯೆಯನ್ನು ಮಾಂತ್ರಿಕನೋ ಹೆಡ್‌ಮಾಸ್ತರರೋ ಬಗೆಹರಿಸಬಾರದು. ಮೂರನೆಯದು ಸುಲಭಕ್ಕೆ ಕಣ್ಣಿಗೆ ಬೀಳದ ದೋಷ: ಎಲ್ಲರೂ ದೂರ ಮಾಡಿದ ಮಗು ಕೊನೆಯಲ್ಲಿ ಏನೋ ದೊಡ್ಡ ಸಾಹಸ ಮಾಡಿ ಊರನ್ನು ಉಳಿಸುತ್ತದೆ, ಆಮೇಲೆ ಎಲ್ಲರೂ ಸೇರಿಸಿಕೊಳ್ಳುತ್ತಾರೆ. ಓದುವುದಕ್ಕೆ ಚೆಂದ. ಆದರೆ ಮಗುವಿಗೆ ತಲುಪುವ ಅರ್ಥ, ಉಪಯೋಗಕ್ಕೆ ಬಂದರೆ ಮಾತ್ರ ಮರ್ಯಾದೆ ಎಂದು. ಉಗ್ಗುವ ಹುಡುಗ ಗಣಿತದಲ್ಲಿ ಮೊದಲಿಗನಾಗದಿದ್ದರೂ ಅವನನ್ನು ಅಣಕಿಸುವ ಹಾಗಿಲ್ಲ.

ನಿಮ್ಮ ವಿಷಯದಲ್ಲಿ ಮತ್ತೊಂದು ಎಚ್ಚರ: ಉಗ್ಗುವ ಮಗುವಿನ ಕಥೆಯನ್ನೇ ಮೊದಲು ತರಬೇಡಿ. ಮೊದಲ ಪುಟಕ್ಕೇ ಮೂವತ್ತಮೂರು ತಲೆಗಳು ಅವನ ಕಡೆ ತಿರುಗುತ್ತವೆ. ಬೇರೆ ಊರಿನಿಂದ ಬಂದ ಹುಡುಗಿ, ಹಳೆಯ ಬಟ್ಟೆಯ ಹುಡುಗ, ಡಬ್ಬಿಯಲ್ಲಿ ಬೇರೆ ಬಗೆಯ ಊಟ ತರುವ ಮಗು, ಇಂಥ ಬೇರೆ ಕಾರಣದ ಕಥೆ ಆರಿಸಿ.

ಪುಸ್ತಕಕ್ಕೆ ದುಡ್ಡಿಲ್ಲವೆಂದು ಕೂರಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ. ಇಳಿಸಿಕೊಂಡು ಮುದ್ರಿಸಲು, ಬೇರೆ ಭಾಷೆಗೆ ತರಲು ಅದರ ಮುಕ್ತ ಪರವಾನಗಿಯೇ ಅನುಮತಿ ಕೊಡುತ್ತದೆ. ಅಲ್ಲಿ ಓದಿನ ನಾಲ್ಕು ಹಂತಗಳಿವೆ. ಐದನೇ ತರಗತಿಗೆ ಎರಡು ಮತ್ತು ಮೂರನೇ ಹಂತ ಹೊಂದುತ್ತದೆ. ಒಂದೇ ಪೀರಿಯಡ್‌ನಲ್ಲಿ ಎರಡು ಸಲ ಓದಬೇಕಾದರೆ ಎರಡನೇ ಹಂತವೇ ಸಾಕು. 34 ಮಕ್ಕಳಿಗೆ ಒಂದೇ ಪುಸ್ತಕ ಎತ್ತಿ ತೋರಿಸಿದರೆ ಹಿಂದಿನ ಸಾಲಿಗೆ ಚಿತ್ರ ಕಾಣದು. ಮುಖ್ಯವಾದ ಎರಡು ಪುಟಗಳನ್ನಷ್ಟೇ ಎ4 ಹಾಳೆಯಲ್ಲಿ ಬಣ್ಣದಲ್ಲಿ ಆರಾರು ಪ್ರತಿ ತೆಗೆಸಿ, ಐದಾರು ಮಕ್ಕಳ ಗುಂಪಿಗೊಂದು ಕೊಡಿ. ಉಳಿದದ್ದನ್ನು ಓದಿ ಹೇಳಿದರೆ ಆಯಿತು.

ಏಳು, ಎಂಟನೇ ತರಗತಿಯವರಿಗಾದರೆ ಎಲಿನಾರ್ ಎಸ್ಟಿಸ್ ಅವರ 1944ರ ‘ದಿ ಹಂಡ್ರೆಡ್ ಡ್ರೆಸಸ್’ ಕಥೆಯನ್ನು ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಬಹುದು, ಹದಿನೈದು ನಿಮಿಷ ಹಿಡಿಯುತ್ತದೆ. ಪೋಲೆಂಡ್ ಮೂಲದ ಬಡ ಹುಡುಗಿ ವಾಂಡಾ ದಿನವೂ ಒಂದೇ ಮಾಸಿದ ನೀಲಿ ಫ್ರಾಕಿನಲ್ಲಿ ಬರುತ್ತಾಳೆ, ಮನೆಯಲ್ಲಿ ನೂರು ಫ್ರಾಕುಗಳಿವೆ ಎನ್ನುತ್ತಾಳೆ. ಪೆಗ್ಗಿ ದಿನವೂ ಅದನ್ನೇ ಕೇಳಿ ರೇಗಿಸುತ್ತಾಳೆ. ಪಕ್ಕದಲ್ಲಿ ಮ್ಯಾಡಿ ಸುಮ್ಮನೆ ನಿಂತಿರುತ್ತಾಳೆ. ಅವಳೂ ಬಡವಿ, ಪೆಗ್ಗಿಯ ಹಳೆಯ ಬಟ್ಟೆ ತೊಡುವವಳು. ಬಾಯಿ ಬಿಟ್ಟರೆ ಮುಂದಿನ ಸರದಿ ತನ್ನದು ಎಂಬ ಭಯ. ಸುಮ್ಮನಿದ್ದವರ ಮನಸ್ಸನ್ನು ಇಷ್ಟು ಹತ್ತಿರದಿಂದ ತೋರಿಸುವ ಮಕ್ಕಳ ಕಥೆ ಅಪರೂಪ. ಅದರಲ್ಲೂ ವಾಂಡಾ ಚಿತ್ರಸ್ಪರ್ಧೆಯಲ್ಲಿ ಗೆಲ್ಲುತ್ತಾಳೆ ಎಂಬ ಅಂಶವಿದೆ. ಮಕ್ಕಳು ಅದಕ್ಕೆ ಅಂಟಿಕೊಳ್ಳದಂತೆ ಮ್ಯಾಡಿಯ ಭಯದ ಹತ್ತಿರವೇ ಹೆಚ್ಚು ಹೊತ್ತು ನಿಲ್ಲಿಸಿ.

ಒಂದು ಪುಸ್ತಕ, ನಾಲ್ಕು ಪೀರಿಯಡ್

ಒಂದೇ ಸಲಕ್ಕೆ ಮುಗಿಸುವ ಆಸೆ ಬೇಡ. ಎರಡು ವಾರದಲ್ಲಿ ನಲವತ್ತು ನಿಮಿಷದ ನಾಲ್ಕು ಪೀರಿಯಡ್ ಇಟ್ಟುಕೊಳ್ಳಿ. ಕನ್ನಡ ಪೀರಿಯಡ್‌ನಲ್ಲಿ ಆಲಿಸುವುದು, ಮಾತನಾಡುವುದು, ಬರೆಯುವುದು ಎಲ್ಲವೂ ಇದರೊಳಗೆ ಬರುವುದರಿಂದ ಪಾಠಟಿಪ್ಪಣಿಗೆ ಕಷ್ಟವಿಲ್ಲ. ಮಕ್ಕಳು ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರಕ್ಕೂ ಹೊಂದುತ್ತದೆ.

ಮೊದಲ ದಿನ ಕಥೆ ಓದಿ, ಅಷ್ಟೇ. ಮಧ್ಯೆ ಪ್ರಶ್ನೆ ಬೇಡ, ಕೊನೆಗೂ ಬೇಡ. ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಬಿಡಿ. ‘ಇನ್ನೊಂದು ಸಲ ಓದಿ ಟೀಚರ್’ ಎಂದರೆ ಓದಿ. ಕಥೆಯಲ್ಲಿ ಮುಳುಗದ ಮಗು ಅದರೊಳಗಿನವರ ಪರ ನಿಲ್ಲುವುದು ಹೇಗೆ?

ಎರಡನೇ ದಿನ ಅಕ್ಷರ ಮುಚ್ಚಿ ಚಿತ್ರ ನೋಡುವ ಕೆಲಸ. ಕಾಟ ನಡೆಯುವ ಪುಟವನ್ನು ಗುಂಪುಗಳಿಗೆ ಕೊಟ್ಟು ಎಣಿಸಲು ಹೇಳಿ: ಈ ಪುಟದಲ್ಲಿ ಎಷ್ಟು ಜನರಿದ್ದಾರೆ? ಯಾರ ಕಣ್ಣು ಯಾವ ಕಡೆಗಿದೆ? ಯಾರ ಕೈ ಏನು ಮಾಡುತ್ತಿದೆ? ಮೂಲೆಯಲ್ಲಿ ನಿಂತವಳು ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತಿದ್ದಾಳೆ? ಪ್ರತಿ ಗುಂಪಿಗೂ ಅಂಗೈ ಅಗಲದ ಬಿಳಿ ಚೀಟಿ ಮೂರು ಮೂರು ಕೊಡಿ. ಮೂವರು ನೋಡುಗರ ಮನಸ್ಸಿನ ಮಾತು ಬರೆದು ಚಿತ್ರದ ಪಕ್ಕ ಇಡಲಿ. ‘ನನಗೆ ಯಾಕೆ ಬೇಕು’, ‘ನನ್ನ ಅಡ್ಡಹೆಸರು ಮರೆತಿದ್ದಾರೆ, ಸದ್ಯ’, ‘ಯಾರಾದರೂ ಹೇಳಲಿ’ ಎಂಬಂಥ ಮಾತು ಬಂದರೆ ಪಾಠ ಸರಿದಾರಿಯಲ್ಲಿದೆ. ‘ನಾನು ಸಹಾಯ ಮಾಡಬೇಕು’ ಎಂದು ಎಲ್ಲ ಚೀಟಿಗಳಲ್ಲೂ ಬಂದರೆ ಮಕ್ಕಳು ಇನ್ನೂ ನಿಮ್ಮನ್ನು ಮೆಚ್ಚಿಸುತ್ತಿದ್ದಾರೆಂದು ಅರ್ಥ. ಆಗ ಗದರದೆ, ‘ಸರಿ, ಹಾಗಾದರೆ ಅವಳು ಮಾಡಲಿಲ್ಲವಲ್ಲ, ಏನು ಅಡ್ಡ ಬಂತು?’ ಎಂದು ಕೇಳಿ.

ಮೂರನೇ ದಿನ ಆ ಒಂದು ಪುಟವನ್ನು ಬದಲಿಸುವುದು. ನಿಯಮ ಒಂದೇ: ಕಾಟ ಕೊಡುವವನನ್ನು ಮುಟ್ಟುವಂತಿಲ್ಲ, ನೋಡುಗರಲ್ಲಿ ಒಬ್ಬರು ಮಾತ್ರ ಒಂದೇ ಒಂದು ಕೆಲಸ ಬೇರೆ ಮಾಡಬಹುದು. ಈ ನಿಯಮ ಇಲ್ಲದಿದ್ದರೆ ಹುಡುಗರು ಸಿನಿಮಾದ ಫೈಟ್ ಬರೆದುಕೊಂಡು ಬರುತ್ತಾರೆ. ನಿಯಮ ಇದ್ದರೆ ಸಣ್ಣ ಸಣ್ಣ ಕೆಲಸಗಳು ಹೊರಡುತ್ತವೆ: ನಗದೆ ಇರುವುದು, ಪಕ್ಕಕ್ಕೆ ಹೋಗಿ ಕೂರುವುದು, ‘ಬಾ, ಕುಂಟೆಬಿಲ್ಲೆಗೆ ಒಬ್ಬರು ಕಮ್ಮಿ ಇದ್ದೀವಿ’ ಎಂದು ಕರೆದೊಯ್ಯುವುದು, ಬಿದ್ದ ಪುಸ್ತಕ ಎತ್ತಿಕೊಡುವುದು, ಆಮೇಲೆ ಒಬ್ಬನೇ ಸಿಕ್ಕಾಗ ‘ಅವನು ಮಾಡಿದ್ದು ಸರಿಯಿಲ್ಲ ಕಣೋ’ ಎನ್ನುವುದು, ಟೀಚರನ್ನು ಕರೆಯುವುದು. ಕಾಟ ಕೊಡುವವನ ಎದುರು ನಿಂತು ‘ನಿಲ್ಲಿಸು’ ಎನ್ನುವುದು ಇವುಗಳಲ್ಲಿ ಒಂದು ಮಾತ್ರ, ಅದೂ ಎಲ್ಲಕ್ಕಿಂತ ಕಷ್ಟದ್ದು. ಮೆದು ದನಿಯ ಮಕ್ಕಳೇ ತರಗತಿಯಲ್ಲಿ ಹೆಚ್ಚು. ಅವರಿಗೆ ಎದುರು ನಿಲ್ಲದೆಯೂ ಒತ್ತಾಸೆಯಾಗುವ ದಾರಿಗಳಿವೆ ಎಂದು ತೋರಿಸಿಕೊಟ್ಟರೆ ಅರ್ಧ ಕೆಲಸ ಆದಂತೆ.

ನಾಲ್ಕನೇ ದಿನ ಅಭ್ಯಾಸ. ಇದನ್ನು ಬಿಟ್ಟರೆ ಮೊದಲ ಮೂರು ದಿನದ್ದೆಲ್ಲ ಮತ್ತೆ ಬರೀ ಮಾತು. ಮೂವರ ಗುಂಪು ಮಾಡಿ. ಕಾಟದ ದೃಶ್ಯ ಆಡಿಸಬೇಡಿ. ಬೋರ್ಡಿನ ಮೇಲೆ ಒಂದು ಮುಖ ಬರೆದು ಅಣಕದ ಮಾತನ್ನು ನೀವೇ ಹೇಳಿ. ಅದು ಮುಗಿದ ಗಳಿಗೆಯಿಂದ ಮಕ್ಕಳ ಸರದಿ. ಇಪ್ಪತ್ತು ಸೆಕೆಂಡಿನಲ್ಲಿ ಒಬ್ಬರು ಮಾತಾಡಬೇಕು, ಒಬ್ಬರು ನಡೆದು ಹೋಗಿ ಪಕ್ಕ ನಿಲ್ಲಬೇಕು, ಮೂರನೆಯವರು ಅವರೊಡನೆ ಸೇರಿಕೊಳ್ಳಬೇಕು. ನಂತರ ಪಾತ್ರ ಬದಲು. ಹತ್ತು ಹನ್ನೆರಡು ಗುಂಪು ಒಟ್ಟಿಗೆ ಮಾಡಿದರೆ ಗದ್ದಲವಾಗುತ್ತದೆ, ಆಗಲಿ; ಒಬ್ಬೊಬ್ಬರನ್ನು ಮುಂದೆ ಕರೆದು ಆಡಿಸಿದರೆ ಅದು ನಾಟಕವಾಗುತ್ತದೆ, ಚಪ್ಪಾಳೆಗಾಗಿ ಆಡುತ್ತಾರೆ.

ಮಾತು ಮಕ್ಕಳದೇ ಇರಬೇಕು. ‘ದಯವಿಟ್ಟು ಹಾಗೆ ಮಾಡಬೇಡ ಗೆಳೆಯ’ ಎಂದು ಮೈದಾನದಲ್ಲಿ ಯಾವ ಮಗುವೂ ಹೇಳುವುದಿಲ್ಲ. ಹೇಳಿದರೆ ಅದಕ್ಕೂ ನಗು. ನಿಮ್ಮ ಕಡೆ ‘ಸಾಕ್ ಬಿಡಲೇ’, ‘ಅದ್ರಾಗ ನಗೂದೇನೈತಿ?’ ಎನ್ನುತ್ತಾರೆ. ಮೈಸೂರಿನ ಕಡೆಯಾದರೆ ‘ಸಾಕು ಸುಮ್ನಿರೋ’, ಮಂಗಳೂರಿನಲ್ಲಿ ‘ಸಾಕು ಮಾರಾಯ, ಬಿಡು’. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಆಡುವ ಮಗು ಅದರಲ್ಲೇ ಹೇಳಲಿ. ಐದು ಪದ ಮೀರಿದರೆ ಬಾಯಿ ತಡವರಿಸುತ್ತದೆ. ಪ್ರತಿ ಮಗುವೂ ತನ್ನದೊಂದು ವಾಕ್ಯ ಆರಿಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳಲಿ.

ಕೆಡುವುದು ಎಲ್ಲಿ

ಅತಿ ಹೆಚ್ಚು ಕೆಡುವುದು ಪಾತ್ರಾಭಿನಯದಲ್ಲಿ. ಕಾಟ ಕೊಡುವ ಪಾತ್ರ ಸಿಕ್ಕ ಮಗು ಎಲ್ಲರನ್ನೂ ನಗಿಸಿಬಿಡುತ್ತದೆ, ಹೊಸ ಅಣಕಗಳನ್ನೂ ಕಲಿಸಿಬಿಡುತ್ತದೆ. ಅದಕ್ಕೇ ಬೋರ್ಡಿನ ಮುಖ. ನಿಜವಾಗಿ ಕಾಟ ಅನುಭವಿಸುತ್ತಿರುವ ಮಗುವಿಗೆ ಕಥೆಯ ನೊಂದವನ ಪಾತ್ರವನ್ನು ಎಂದೂ ಕೊಡಬೇಡಿ.

ಎರಡನೆಯದು ‘ಪಾಪ’ ಎಂಬ ಪದ. ಕಥೆ ಓದುವಾಗ ನಾವೇ ‘ಪಾಪ, ನೋಡಿ ಮಕ್ಕಳೇ’ ಎನ್ನುತ್ತೇವೆ. ಆ ಒಂದು ಪದದಿಂದ ನೊಂದ ಹುಡುಗ ಮೇಲೂ ಅಲ್ಲದ ಸಮವೂ ಅಲ್ಲದ ಜಾಗಕ್ಕೆ ಇಳಿದ. ಮಕ್ಕಳು ಎರಡು ದಿನ ಅವನಿಗೆ ಚಾಕೊಲೇಟ್ ಕೊಡುತ್ತಾರೆ, ಮೂರನೇ ದಿನ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ‘ಅವನಿಗೆ ಕೋಪ ಬಂದಿರಬಹುದಾ? ಅವನಿಗೆ ಆಗ ಏನು ಬೇಕಿತ್ತು?’ ಎಂದು ಕೇಳಿದರೆ ಅವನು ಒಬ್ಬ ಮನುಷ್ಯನಾಗಿ ಕಾಣುತ್ತಾನೆ.

ಮೂರನೆಯದು ನಾವೇ. ದಡ್ಡ, ಕುಳ್ಳ, ಸೋಡಾಬುಡ್ಡಿ, ‘ಹಿಂದಿನ ಬೆಂಚಿನ ಹೀರೋ’ ಎಂದು ತಮಾಷೆಗೆ ಕರೆಯುವ ಶಿಕ್ಷಕರ ತರಗತಿಯಲ್ಲಿ ಯಾವ ಪುಸ್ತಕವೂ ನಡೆಯದು. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ಬೇರೆ ವಿಚಾರ; ಕಾನೂನಿಗಿಂತ ಮೊದಲು ಮಕ್ಕಳ ಕಣ್ಣು ನಮ್ಮ ಮೇಲಿರುತ್ತದೆ.

ಎಲ್ಲಕ್ಕಿಂತ ದೊಡ್ಡದು ಚಾಡಿಯ ಪ್ರಶ್ನೆ. ಮಗು ಓಡಿಬಂದು ‘ಟೀಚರ್, ಅವರು ಅವನನ್ನ ಕಾಡಸ್ತಾ ಇದಾರೆ’ ಎಂದಾಗ, ಕೈಯಲ್ಲಿ ಹಾಜರಿ ಪುಸ್ತಕ, ಎದುರಿಗೆ ಊಟದ ಲೆಕ್ಕ ಇಟ್ಟುಕೊಂಡ ನಾವು ‘ಹೋಗು, ಚಾಡಿ ಹೇಳಬೇಡ’ ಎಂದುಬಿಡುತ್ತೇವೆ. ಆ ಮಗು ಮತ್ತೆ ಬರುವುದಿಲ್ಲ. ಮಕ್ಕಳಿಗೆ ವ್ಯತ್ಯಾಸ ಹೀಗೆ ಹೇಳಿಕೊಡಿ: ಒಬ್ಬರನ್ನು ಸಿಕ್ಕಿಸುವುದಕ್ಕೆ ಹೇಳಿದರೆ ಚಾಡಿ, ಒಬ್ಬರನ್ನು ಬಿಡಿಸುವುದಕ್ಕೆ ಹೇಳಿದರೆ ಸಹಾಯ. ಕಥೆಯಿಂದಲೇ ಏಳೆಂಟು ಸನ್ನಿವೇಶ ತೆಗೆದು ಯಾವುದು ಯಾವ ಕಡೆ ಎಂದು ವಿಂಗಡಿಸಲಿ. ‘ಅವನು ಹೋಂವರ್ಕ್ ಮಾಡಿಲ್ಲ’ ಒಂದು ಕಡೆ, ‘ಅವಳ ಚಪ್ಪಲಿ ಬಚ್ಚಿಟ್ಟಿದ್ದಾರೆ, ಅಳ್ತಾ ಇದಾಳೆ’ ಇನ್ನೊಂದು ಕಡೆ. ನಿಮ್ಮ ಪಾಲಿನ ಕೆಲಸ ಮೂರು: ‘ಹೇಳಿದ್ದು ಒಳ್ಳೇದಾಯ್ತು’ ಎನ್ನುವುದು, ಅದೇ ಹೊತ್ತಿನಲ್ಲಿ ಎದ್ದು ಹೋಗುವುದು, ಯಾರು ಹೇಳಿದರು ಎಂಬುದನ್ನು ಬಾಯಿ ಬಿಡದಿರುವುದು. ‘ನೋಡಿ, ಇವಳು ಬಂದು ಹೇಳಿದಳು, ಎಷ್ಟು ಒಳ್ಳೆಯವಳು’ ಎಂದು ಪ್ರಾರ್ಥನೆಯಲ್ಲಿ ಹೊಗಳಿದರೆ ಮರುದಿನ ಅವಳಿಗೆ ಎಲ್ಲರೂ ಟೂ ಬಿಡುತ್ತಾರೆ.

ಮಕ್ಕಳು ಮಧ್ಯೆ ಹೋಗಬಾರದ ಸನ್ನಿವೇಶಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಹೊಡೆದಾಟ, ಕಲ್ಲು ಕೋಲು, ತಮಗಿಂತ ಬಹಳ ದೊಡ್ಡವರು, ಅಥವಾ ಕಾಟ ಕೊಡುತ್ತಿರುವುದು ದೊಡ್ಡವರೊಬ್ಬರು ಎಂದಾದರೆ ಮಗುವಿನ ಕೆಲಸ ಓಡಿಹೋಗಿ ನಂಬಿಕೆಯ ದೊಡ್ಡವರಿಗೆ ಹೇಳುವುದು ಮಾತ್ರ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಗೋಡೆಯ ಮೇಲೆ ಬರೆಸಿ, ಬಾಯಿಪಾಠ ಮಾಡಿಸಿ. ಕಥೆಯ ಚರ್ಚೆಯಲ್ಲಿ ಯಾವುದಾದರೂ ಮಗು ಲೈಂಗಿಕ ದೌರ್ಜನ್ಯದ ಸುಳಿವು ಕೊಟ್ಟರೆ ಅಲ್ಲಿಯೇ ಎಲ್ಲರೆದುರು ಕೆದಕಬೇಡಿ; ಪೋಕ್ಸೊ ಕಾಯ್ದೆ, 2012ರ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಗೊತ್ತಾದವರ ಕಡ್ಡಾಯ ಹೊಣೆ.

ಜಾತಿಯ ಮಾತು ಬಂದರೆ

ಬರುತ್ತದೆ. ಊಟಕ್ಕೆ ಯಾರು ಯಾರ ಪಕ್ಕ ಕೂರುತ್ತಾರೆ, ಯಾರ ಲೋಟದಲ್ಲಿ ಯಾರು ಕುಡಿಯುತ್ತಾರೆ, ಮೊಟ್ಟೆ ತಿನ್ನುವವರು ಬಾಳೆಹಣ್ಣು ತಿನ್ನುವವರು ಎಂಬ ಸಾಲುಗಳ ನಡುವೆ ಏನೇನು ಮಾತು ಓಡಾಡುತ್ತದೆ ಎಂಬುದನ್ನು ಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ಅಂಬೇಡ್ಕರ್ ಅವರ ಬಾಲ್ಯ ಇಲ್ಲಿ ಒಳ್ಳೆಯ ಪಠ್ಯ, ಏಕೆಂದರೆ ಅದು ನಡೆದದ್ದೇ ತರಗತಿಯಲ್ಲಿ. ಹುಡುಗ ಭೀಮರಾವ್ ಕೂರುವುದಕ್ಕೆ ಮನೆಯಿಂದ ಗೋಣಿತಟ್ಟು ತರಬೇಕಿತ್ತು. ಶಾಲೆಯ ಕಸ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಹೊತ್ತು ಮನೆಗೆ ಹೋಗಬೇಕಿತ್ತು. ನಲ್ಲಿಯನ್ನು ತಾನೇ ತಿರುಗಿಸುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆ.

ಇದನ್ನು ಸಾಮಾನ್ಯವಾಗಿ ‘ಇಷ್ಟು ಕಷ್ಟಪಟ್ಟು ಸಂವಿಧಾನ ಬರೆದರು’ ಎಂದು ಮುಗಿಸುತ್ತೇವೆ. ಮೇಲೆ ಹೇಳಿದ ದೋಷವೇ ಇಲ್ಲೂ: ದೊಡ್ಡ ಮನುಷ್ಯನಾದ್ದರಿಂದ ಆ ಅವಮಾನ ತಪ್ಪಾಯಿತೇ? ನಲ್ಲಿಯ ಹತ್ತಿರದ ದೃಶ್ಯದಲ್ಲಿ ನಿಲ್ಲಿ. ಆ ದಿನ ನಲ್ಲಿಯ ಪಕ್ಕ ಇನ್ನೆಷ್ಟು ಮಕ್ಕಳಿದ್ದರು? ಒಬ್ಬ ಹುಡುಗ ನಲ್ಲಿ ತಿರುಗಿಸಲು ಎಷ್ಟು ಹೊತ್ತು ಬೇಕಿತ್ತು? ಅವನ ಕೈಯನ್ನು ಏನು ತಡೆಯಿತು? ‘ಅದು ಹಿಂದಿನ ಕಾಲ’ ಎಂದು ನೀವಾಗಿಯೇ ಹೇಳಬೇಡಿ. ತರಗತಿಯ ದಲಿತ ಮಗುವನ್ನು ‘ನೀನು ಹೇಳು’ ಎಂದು ಎಬ್ಬಿಸಲೇಬೇಡಿ. ನಿಮ್ಮ ಶಾಲೆಯಲ್ಲೇ ನೀರಿಗೋ ಊಟಕ್ಕೋ ಭೇದ ನಡೆಯುತ್ತಿದೆಯೆಂದು ಗೊತ್ತಾದರೆ ಅದು ಕಥೆಯಿಂದ ಸರಿಪಡಿಸುವ ವಿಷಯವಲ್ಲ, ಸಂವಿಧಾನದ 17ನೇ ವಿಧಿ ನಿಷೇಧಿಸಿದ ಅಪರಾಧ. ಮಕ್ಕಳ ಧೈರ್ಯಕ್ಕೆ ಕಾಯದೆ ಅದೇ ದಿನ ಮುಖ್ಯ ಶಿಕ್ಷಕರಿಗೆ ತಿಳಿಸಿ, ಬೇಕಾದರೆ ಮೇಲಿನವರಿಗೆ ಬರವಣಿಗೆಯಲ್ಲಿ ಕೊಡಿ.

ಕಲಿತರೋ ಇಲ್ಲವೋ

ಪರೀಕ್ಷೆ ಇಟ್ಟರೆ ಎಲ್ಲರಿಗೂ ಹತ್ತಕ್ಕೆ ಹತ್ತು. ಅದರ ಬದಲು ಪಾಠ ಶುರು ಮಾಡುವ ಮುಂಚಿನ ವಾರ ಸೋಮ, ಬುಧ, ಶುಕ್ರ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಒಂದೇ ಜಾಗದಲ್ಲಿ ನಿಂತು ನೋಡಿ. ಚಿಕ್ಕ ಪುಸ್ತಕದಲ್ಲಿ ಮೂರು ಕಲಂ: ಒಂಟಿಯಾಗಿ ಕೂತವರು ಎಷ್ಟು, ಗೇಲಿ ಕೇಳಿಸಿದ್ದು ಎಷ್ಟು ಸಲ, ಯಾರಾದರೂ ಹತ್ತಿರ ಹೋದದ್ದು ಅಥವಾ ಮಾತಾಡಿದ್ದು ಎಷ್ಟು ಸಲ. ಪಾಠ ಮುಗಿದ ಮೇಲೆ ಮತ್ತೆ ಒಂದು ವಾರ, ಆರು ವಾರದ ನಂತರ ಇನ್ನೊಂದು ವಾರ. ಮೂರನೇ ಕಲಂ ಸೊನ್ನೆಯಿಂದ ಎರಡಕ್ಕೆ ಏರಿದರೂ ದೊಡ್ಡದೇ. ನಿಮ್ಮ ಬಳಿ ಬರುವ ದೂರುಗಳು ಮೊದಲಿಗೆ ಹೆಚ್ಚುತ್ತವೆ. ಶಾಲೆ ಕೆಟ್ಟಿತೆಂದು ಹೆದರಬೇಡಿ. ಮೊದಲೂ ಇದ್ದ ಕಾಟ ಈಗ ನಿಮ್ಮ ಕಿವಿಗೆ ಬೀಳುತ್ತಿದೆ, ಅಷ್ಟೇ. ಆರು ವಾರಕ್ಕೆ ಮೂರನೇ ಕಲಂ ಮತ್ತೆ ಇಳಿದಿದ್ದರೆ ಹೊಸ ಕಥೆಯೊಂದಿಗೆ ಮೂರನೇ ಮತ್ತು ನಾಲ್ಕನೇ ದಿನದ ಕೆಲಸವನ್ನಷ್ಟೇ ಪುನಃ ಮಾಡಿಸಿ.

ಕೊನೆಗೆ ನಿಮ್ಮ ಆ ಹುಡುಗನ ಬಗ್ಗೆ. ಇಷ್ಟೆಲ್ಲ ಅವನಿಗಾಗಿ ಮಾಡುವಾಗ ಅವನನ್ನು ಒಂದು ಮಾತು ಕೇಳುವುದು ಮರೆತುಹೋಗಬಾರದು. ಪಾಠ ಶುರು ಮಾಡುವ ಮುಂಚೆಯೇ ಒಬ್ಬನೇ ಇದ್ದಾಗ, ಕೆಲಸ ಮಾಡುತ್ತ ಮಾಡುತ್ತ ಕೇಳಿ: ‘ಅವರು ಹಾಗೆ ಮಾಡಿದಾಗ ಪಕ್ಕದಲ್ಲಿದ್ದವರು ಏನು ಮಾಡಿದರೆ ನಿನಗೆ ಹಿತ?’ ಕೆಲವರಿಗೆ ಯಾರಾದರೂ ಎದುರು ಮಾತಾಡಲಿ ಎಂದಿರುತ್ತದೆ, ಕೆಲವರಿಗೆ ಯಾರೂ ಏನೂ ಹೇಳದೆ ಸುಮ್ಮನೆ ಪಕ್ಕ ಕೂತರೆ ಸಾಕು. ಅವನು ಹೇಳಿದ್ದನ್ನು, ಅವನ ಹೆಸರೆತ್ತದೆ, ನಾಲ್ಕನೇ ದಿನದ ಅಭ್ಯಾಸಕ್ಕೆ ಸೇರಿಸಿ. ಉಗ್ಗುವವರು ಮಾತಾಡುವಾಗ ಕೇಳುವವರು ಮಾಡಬೇಕಾದದ್ದನ್ನು ಎಲ್ಲರಿಗೂ ಸಾಮಾನ್ಯ ನಿಯಮವಾಗಿಯೇ ಕಲಿಸಬಹುದು: ಮಾತಾಡುವವರ ಮುಖ ನೋಡಬೇಕು, ಅವರ ಪದವನ್ನು ನಾವು ಪೂರ್ತಿ ಮಾಡಬಾರದು, ‘ನಿಧಾನ, ಉಸಿರು ತಗೊ’ ಎನ್ನಬಾರದು, ಮುಗಿಯುವ ತನಕ ಕಾಯಬೇಕು. ಕಥೆ ಓದಿಸುವ ಸರದಿ ಬಂದಾಗ ಅವನನ್ನು ಬಿಟ್ಟು ಮುಂದಿನವರಿಗೆ ಹೋಗಬೇಡಿ, ಒಬ್ಬನನ್ನೇ ನಿಲ್ಲಿಸಲೂ ಬೇಡಿ. ಇಬ್ಬಿಬ್ಬರು ಒಟ್ಟಿಗೆ ದನಿ ಸೇರಿಸಿ ಓದುವ ಕ್ರಮವನ್ನು ಇಡೀ ತರಗತಿಗೆ ತನ್ನಿ. ಜೊತೆದನಿಯಲ್ಲಿ ಓದುವಾಗ ಹೆಚ್ಚಿನವರಿಗೆ ಉಗ್ಗು ಬಹಳ ಕಡಿಮೆಯಾಗುತ್ತದೆ, ಅವನ ಜೊತೆ ಓದುವವರು ಯಾರು ಎಂಬುದನ್ನು ಅವನೇ ಆರಿಸಲಿ.